ಪಾರ್ಸಲ್ ಬೇಡ, ಇಲ್ಲೇ ತಿನ್ನುತ್ತೇನೆ

ಹೋದ ತಿಂಗಳು ಬೆಂಗಳೂರಿನ ಒಂದು ದೊಡ್ಡ ಸಿಹಿತಿಂಡಿ ಅಂಗಡಿಗೆ ಹೋಗಿದ್ದೆ. ಯಾವ ಅಂಗಡಿ ಎಂದು ಹೇಳುವುದಿಲ್ಲ. ಅಲ್ಲಿ ಕೇಳಿದ ಮಾತನ್ನು ಯಾವ ಅಂಗಡಿಯಲ್ಲಾದರೂ ಕೇಳಬಹುದು. ಗಾಜಿನ ಹಿಂದೆ ತಟ್ಟೆ ತಟ್ಟೆ ಮೈಸೂರು ಪಾಕು ಜೋಡಿಸಿಟ್ಟಿದ್ದರು.

"ಒಂದು ಮೈಸೂರು ಪಾಕ್ ಕೊಡಪ್ಪ" ಎಂದೆ.

ಹುಡುಗ ರಟ್ಟಿನ ಡಬ್ಬ ಕೈಗೆತ್ತಿಕೊಂಡು, "ಒಂದು ಕೇಜೀನಾ ಮೇಡಂ?" ಎಂದ.

"ಕೇಜಿ ಅಲ್ಲ. ಒಂದೇ ಒಂದು ತುಂಡು."

"ಟೇಸ್ಟ್ ನೋಡೋಕಾ?"

"ಅಲ್ಲ, ತಿನ್ನೋಕೆ. ದುಡ್ಡು ಕೊಡ್ತೀನಿ, ತಟ್ಟೇಲಿ ಹಾಕ್ಕೊಡು."

ಅವನು ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದ. ಗಂಡನೋ, ಮಗನೋ, ಕೈಹಿಡಿದ ಮೊಮ್ಮಗುವೋ ಇರಬೇಕಿತ್ತು ಎಂಬಂತೆ. ಯಾರೂ ಇರಲಿಲ್ಲ. ತಟ್ಟೆ ಮುಂದೆ ಚಾಚುತ್ತ ತುಂಬ ಒಳ್ಳೆಯ ಮನಸ್ಸಿನಿಂದಲೇ, "ಶುಗರ್ ಇಲ್ವಾ ಆಂಟಿ?" ಎಂದ. ನನ್ನ ಪಕ್ಕದಲ್ಲೇ ನನ್ನ ವಯಸ್ಸಿನ, ನನಗಿಂತ ದುಂಡಗಿನ ಹೊಟ್ಟೆಯ ಮಹಾಶಯರೊಬ್ಬರು ಎರಡನೆಯ ಜಾಮೂನನ್ನು ಚಮಚದಲ್ಲಿ ಕತ್ತರಿಸುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಗೊತ್ತಿರುವ ಹೆಂಗಸರು ಸಿಹಿಯನ್ನು ಕಟ್ಟಿಸಿಕೊಂಡು ಹೋಗುವವರು. ತಿನ್ನುವವರಲ್ಲ. ಅವನು ಹಾಗೆ ತಿಳಿಯಲು ಕಾರಣ ನಾವೇ, ನಮ್ಮ ಮನೆಗಳೇ. ನನ್ನ ಜಗಳ ಇರುವುದು ಅದರ ಜೊತೆ.

ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಯುಗಾದಿ ಎಂದರೆ ಒಬ್ಬಟ್ಟು. ಬೆಳಗಿನ ಜಾವ ಅಮ್ಮ ಮಡಿಯುಟ್ಟು ಬೇಳೆ ಬೇಯಿಸಲು ಇಟ್ಟರೆ, ಹೂರಣ ರುಬ್ಬಿ, ಕಣಕ ನಾದಿ, ತಟ್ಟಿ, ಬೇಯಿಸಿ ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ. ಅಷ್ಟು ಹೊತ್ತೂ ಬೆಲ್ಲ ಏಲಕ್ಕಿಯ ಘಮ ಮೂಗಿಗೆ ಬಡಿಯುತ್ತಿದ್ದರೂ ಒಂದು ಚೂರು ಬಾಯಿಗೆ ಹಾಕುವಂತಿಲ್ಲ. ನೈವೇದ್ಯವಾಗಬೇಕು. ದೇವರದಾದ ಮೇಲೆ ಗಂಡಸರ ಪಂಕ್ತಿ. ಅಪ್ಪ, ಚಿಕ್ಕಪ್ಪಂದಿರು, ಬಂದ ನೆಂಟರು, ಅವರ ಜೊತೆಗೆ ಮಕ್ಕಳು. ಒಲೆಯಿಂದ ಎಲೆಗೆ ನೇರವಾಗಿ ಹಾರಿ ಬೀಳುತ್ತಿದ್ದ ಬಿಸಿ ಒಬ್ಬಟ್ಟು, ಅದರ ಮೇಲೆ ಸೌಟು ತುಪ್ಪ. ಹೆಂಗಸರು ಕೂರುವ ಹೊತ್ತಿಗೆ ಮೂರೂವರೆ. ಆಗ ತಟ್ಟೆಯ ತಳದಲ್ಲಿ ಉಳಿದಿರುತ್ತಿದ್ದವು ಹರಿದ ಒಬ್ಬಟ್ಟುಗಳು. ತಟ್ಟುವಾಗ ಹೂರಣ ಹೊರಗೆ ಬಂದು ಹೆಂಚಿಗೆ ಹತ್ತಿ ಕಪ್ಪಾದವು. ಅಮ್ಮ ಅವನ್ನೇ ತನ್ನ ಎಲೆಗೆ ಹಾಕಿಕೊಳ್ಳುತ್ತಿದ್ದಳು. "ನಂಗೆ ಹರಿದದ್ದೇ ಇಷ್ಟ ಕಣೆ" ಎನ್ನುತ್ತಿದ್ದಳು. ಬಹಳ ವರ್ಷ ನಾನು ಅದನ್ನು ನಂಬಿದ್ದೆ. ನನ್ನ ಮದುವೆಯಾಗಿ ಎರಡು ಯುಗಾದಿ ಕಳೆದ ಮೇಲೆ ನನ್ನ ಬಾಯಿಂದಲೂ ಅದೇ ಮಾತು ಬಂತು. ಆಗ ಗೊತ್ತಾಯಿತು, ಅದು ಇಷ್ಟದ ಮಾತಲ್ಲ ಎಂದು.

"ಹೊರಗಿನ ಸ್ವೀಟು ಎಷ್ಟಾದರೂ ಮನೆಯಲ್ಲಿ ಮಾಡಿದ ಹಾಗಾಗುತ್ತದೆಯೇ?" ಎಂದು ಗಂಡಸರು ಚಪ್ಪರಿಸಿಕೊಂಡು ಹೇಳುವುದನ್ನು ನೀವೂ ಕೇಳಿರುತ್ತೀರಿ. ಆಗುವುದಿಲ್ಲ ಸ್ವಾಮಿ, ಒಪ್ಪಿದೆ. ಕೂತಲ್ಲಿಗೆ ಬಿಸಿಬಿಸಿಯಾಗಿ ಬರುವ, ಬಿಲ್ಲು ಬಾರದ, ಮತ್ತೆ ಮತ್ತೆ "ಇನ್ನೊಂದು ಹಾಕಲಾ" ಎಂದು ಕೇಳುವ ಹೋಟೆಲ್ಲು ಪ್ರಪಂಚದಲ್ಲಿ ಎಲ್ಲಿದೆ? ಆದರೆ ಆ ಹೋಟೆಲಿನ ಭಟ್ಟರಿಗೆ ಆ ರುಚಿ ಗೊತ್ತಿಲ್ಲ. ಬೆಳಗಿನಿಂದ ಹೊಗೆ ಕುಡಿದು ಸಿಹಿ ಮಾಡಿದವಳಿಗೆ ಊಟದ ಹೊತ್ತಿಗೆ ಆ ಸಿಹಿಯ ವಾಸನೆಯೇ ಬೇಡವಾಗಿ, ಒಂದು ಹಿಡಿ ಮೊಸರನ್ನ ಸಾಕೆನಿಸಿರುತ್ತದೆ. ಇದು ಅಡುಗೆ ಮಾಡುವ ಪ್ರತಿಯೊಬ್ಬಳಿಗೂ ಗೊತ್ತು. ಮನೆಯ ಸಿಹಿಯ ರುಚಿಯನ್ನು ಹೊಗಳುವ ಹಕ್ಕು ಅದನ್ನು ಮಾಡದವರಿಗೆ ಮಾತ್ರ ಇದೆ ಎಂದು ಕಾಣುತ್ತದೆ.

ಮದುವೆಯಾಗಿ ಬೆಂಗಳೂರಿಗೆ ಬಂದದ್ದು 1981ರಲ್ಲಿ. ಚಾಮರಾಜಪೇಟೆಯ ಒಂದು ವಠಾರ. ನಮ್ಮ ಮನೆಯವರು ವಾರಕ್ಕೊಮ್ಮೆ ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ ತರುತ್ತಿದ್ದರು. ಜಿಲೇಬಿಯೋ, ಬಾದೂಷಾವೋ, ಕೆಲವೊಮ್ಮೆ ಒಬ್ಬಟ್ಟೋ. ನನ್ನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಎನ್ನಲಾರೆ. ಆದರೆ ಎರಡು ಬಸ್ಸು ಬದಲಾಯಿಸಿ ಬರುವ ಹೊತ್ತಿಗೆ ಜಿಲೇಬಿ ಮೆತ್ತಗಾಗಿ ಪೇಪರಿನ ಅಕ್ಷರಗಳನ್ನು ಮೈಗೆ ಅಂಟಿಸಿಕೊಂಡಿರುತ್ತಿತ್ತು. ಜಿಲೇಬಿಯ ಜೀವ ಇರುವುದೇ ಅದರ ಗರಿಗರಿ ಕೊಳವೆಯಲ್ಲಿ. ಹೊರಗೆ ಕರುಮ್ ಎನ್ನಬೇಕು, ಒಳಗಿನ ಪಾಕ ಬಾಯಲ್ಲಿ ಒಡೆಯಬೇಕು. ಬಾಣಲೆಯಿಂದ ಪಾಕಕ್ಕೆ, ಪಾಕದಿಂದ ತಟ್ಟೆಗೆ ಬಂದ ಐದು ಹತ್ತು ನಿಮಿಷ ಮಾತ್ರ ಆ ಗುಣ. ಆಮೇಲೆ ಪಾಕವೇ ಗೋಡೆಯನ್ನು ನೆನೆಸಿಬಿಡುತ್ತದೆ. ಒಬ್ಬಟ್ಟಿನ ಕಥೆಯೂ ಅಷ್ಟೆ. ಬಿಸಿಯಲ್ಲೇ ಸುತ್ತಿದರೆ ಒಳಗಿನ ಹಬೆ ಕಣಕವನ್ನು ಚಕ್ಕಳ ಮಾಡುತ್ತದೆ. ಕೇಸರಿಬಾತು ಗಟ್ಟಿಯಾಗುತ್ತದೆ, ಬಿಸಿ ಬಾದಾಮಿ ಹಲ್ವದ ತುಪ್ಪ ಕಾಗದಕ್ಕೆ ಇಳಿದುಹೋಗುತ್ತದೆ, ಐಸ್‌ಕ್ರೀಮಿನ ಮಾತಂತೂ ಬೇಡ.

ಅಂದರೆ ಏನಾಯಿತು? ಪೊಟ್ಟಣದಲ್ಲಿ ಬಂದದ್ದನ್ನು ಮಾತ್ರ ತಿಂದವಳು ಆ ತಿಂಡಿಯನ್ನು ತಿಂದೇ ಇಲ್ಲ. ಹದಿನೈದು ವರ್ಷ ಬೆಂಗಳೂರಿನಲ್ಲಿದ್ದೂ ಬೆಂಗಳೂರಿನ ಜಿಲೇಬಿ ತಿನ್ನದೆ ಸತ್ತವರು ನಮ್ಮ ವಠಾರದಲ್ಲೇ ಇದ್ದರು.

ಹೋಟೆಲಿಗೆ ಹೋಗುತ್ತಲೇ ಇರಲಿಲ್ಲ ಎಂದಲ್ಲ. ಹೋದರೆ ಗಂಡನ ಜೊತೆ, ಫ್ಯಾಮಿಲಿ ರೂಮು ಎಂಬ ಗೂಡಿನಲ್ಲಿ. ಅಡ್ಡಗೋಡೆ, ಮಾಸಿದ ಪರದೆ, ಬೀದಿ ಕಾಣದ ಜಾಗ. ಮೊದಲು ಖಾರ, ಆಮೇಲೆ ಅವರೇ ಯೋಚಿಸಿ "ಒಂದು ಜಾಮೂನ್, ಎರಡು ಸ್ಪೂನ್" ಎನ್ನುತ್ತಿದ್ದರು. ಒಂದು ಜಾಮೂನಿಗೆ ಎರಡು ಚಮಚ! ಇದನ್ನು ಸಿನಿಮಾದಲ್ಲಿ ಪ್ರೇಮ ಎಂದು ತೋರಿಸುತ್ತಾರೆ. ನನಗೆ ಇಡೀ ಜಾಮೂನು ಬೇಕಿತ್ತು.

1984ರಲ್ಲಿ ನನಗೆ ಗುಮಾಸ್ತೆ ಕೆಲಸ ಸಿಕ್ಕಿತು. ಮೊದಲ ಸಂಬಳದ ದಿನ ಬಸ್ ಸ್ಟಾಪಿನ ಎದುರಿನ ಅಯ್ಯಂಗಾರ್ ಬೇಕರಿಯಲ್ಲಿ ಒಂದು ಹನಿ ಕೇಕು ಕೊಂಡೆ. ಪಾಕದಲ್ಲಿ ನೆನೆದ ಮೆತ್ತನೆಯ ಕೇಕು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ತುರಿ. ಬೇಕರಿಗಳಲ್ಲಿ ಕೂರುವ ಜಾಗ ಎಲ್ಲಿರುತ್ತಿತ್ತು? ಎಲ್ಲರಂತೆ ಫುಟ್‌ಪಾತಿನಲ್ಲೇ ನಿಂತು, ಹರಿದ ಪೇಪರಿನ ಮೇಲಿಟ್ಟುಕೊಂಡು ತಿಂದೆ. ಬೆರಳು ನೆಕ್ಕಿದೆ. ನನ್ನ ದುಡ್ಡು, ನನ್ನ ಕೇಕು, ಕೇಳುವವರಿಲ್ಲ, ಹಂಚುವ ಹಂಗಿಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅದೊಂದು ಹೊಸ ಸುಖ.

ನಾಲ್ಕನೆಯ ದಿನ ಅತ್ತೆಯವರು ಅಕ್ಕಿ ಆರಿಸುತ್ತ ತಲೆಯೆತ್ತದೆ ಹೇಳಿದರು: "ರಸ್ತೇಲಿ ನಿಂತ್ಕೊಂಡು ತಿಂತಿದ್ಯಂತಲ್ಲ. ಮನೇಲಿ ಏನು ಕಮ್ಮಿ ಆಗಿದೆಯಮ್ಮ ನಿಂಗೆ?" ನೆಂಟರೊಬ್ಬರು ಬಸ್ಸಿನ ಕಿಟಕಿಯಿಂದ ನೋಡಿ ಸುದ್ದಿ ಮುಟ್ಟಿಸಿದ್ದರು. ನಾನು ಕಳ್ಳತನ ಮಾಡಿ ಸಿಕ್ಕವಳಂತೆ ನಿಂತೆ. ಮುಂದಿನ ತಿಂಗಳಿನಿಂದ ಹನಿ ಕೇಕು ಕಟ್ಟಿಸಿಕೊಂಡು ಬಂದೆ, ಮನೆಯಲ್ಲಿ ಏಳು ಪಾಲಾಯಿತು. ಅಂದು ಉತ್ತರ ಕೊಡಲಿಲ್ಲ ಎಂಬುದು ನನ್ನನ್ನು ನಲವತ್ತು ವರ್ಷ ಚುಚ್ಚಿದೆ. ಈ ಬರಹವೇ ಆ ಉತ್ತರ ಎಂದುಕೊಳ್ಳಿ. ಅತ್ತೆಯವರು ಈಗಿಲ್ಲ. ಅವರೂ ಹರಿದ ಒಬ್ಬಟ್ಟು ತಿಂದೇ ಬದುಕಿದವರು ಎಂಬುದನ್ನು ಮರೆತಿಲ್ಲ.

ನನ್ನಂಥವರ ಸಹಾಯಕ್ಕೆ ಬಂದದ್ದು, ಯಾರೂ ಉದ್ದೇಶಿಸದೆಯೇ, ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬ ಹೆಸರಿನಲ್ಲಿ ಶುರುವಾದ ಪದ್ಧತಿ ಹತ್ತು ಹದಿನೈದು ವರ್ಷಗಳಲ್ಲಿ ಬೀದಿಬೀದಿಗೂ ಬಂತು. ಟೋಕನ್ ತಗೋ, ನಿಂತು ತಿನ್ನು, ಕೈ ತೊಳೆ, ಹೊರಡು. ಅಲ್ಲಿ ಪರದೆಯಿಲ್ಲ, ಫ್ಯಾಮಿಲಿ ರೂಮಿಲ್ಲ, "ಒಬ್ಬರೇನಾ?" ಎಂದು ಕೇಳುವ ಮಾಣಿ ಇಲ್ಲ. ನಿಂತು ತಿನ್ನುವುದು ಅನಾಗರಿಕತನ ಎಂದು ಆಗ ಪತ್ರಿಕೆಗಳಿಗೆ ಕಾಗದ ಬರೆದ ಹಿರಿಯರಿಗೆ ಕೂರಲು ಕುರ್ಚಿ ಯಾವಾಗಲೂ ಇತ್ತು. ನಮಗೆ ಆ ನಿಲ್ಲುವ ಜಾಗವೇ ದೊಡ್ಡದು. ಚೌಚೌ ಬಾತಿನಲ್ಲಿ ಖಾರಾಬಾತಿನ ನೆಪದಲ್ಲಿ ಒಂದು ಸೌಟು ಕೇಸರಿಬಾತು ತಿಂದ ನನ್ನ ಓರಗೆಯ ಕೆಲಸದ ಹೆಂಗಸರು ಎಷ್ಟು ಜನವೋ. ಸಿಹಿಯನ್ನು ನೇರವಾಗಿ ಕೇಳಲು ಧೈರ್ಯವಿಲ್ಲದವರಿಗೆ ಆ ತಟ್ಟೆ ಮಾಡಿದ ಉಪಕಾರ ದೊಡ್ಡದು.

ನಿವೃತ್ತಿಯಾದ ಮೇಲೆ ನಾನು ಊರು ಸುತ್ತಿ ಸಿಹಿ ತಿನ್ನತೊಡಗಿದೆ. ಸುಳ್ಳೇಕೆ, ಪಟ್ಟಿ ಮಾಡಿಕೊಂಡೇ ಹೊರಟೆ. ಬೆಂಗಳೂರಿನ ಸಿಹಿಯಲ್ಲಿ ಅಪ್ಪಟ ಬೆಂಗಳೂರಿನದೆಂಬುದು ಕಡಿಮೆ. ಎಲ್ಲವೂ ಸೊಸೆಯಂದಿರ ಹಾಗೆ ಬೇರೆ ಊರಿನಿಂದ ಬಂದು ಸೇರಿಕೊಂಡವು. ಹನಿ ಕೇಕಿನ ಬೇಕರಿಗಳು ನಮ್ಮ ಹಾಸನದ ಕಡೆಯ ಅಯ್ಯಂಗಾರರು ತಂದದ್ದು. ಮೈಸೂರು ಪಾಕು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿದ್ದು. ಧಾರವಾಡ ಪೇಡಾ ಕೂಡ ಧಾರವಾಡಕ್ಕೆ ಬಂದದ್ದು ಉತ್ತರ ಪ್ರದೇಶದ ಉನ್ನಾವ್ ಕಡೆಯ ಠಾಕೂರ್ ಮನೆತನದೊಂದಿಗೆ. ಚರ್ಚ್ ಸ್ಟ್ರೀಟಿನ ಮೂಲೆಯ ಕೆ.ಸಿ. ದಾಸ್ ಅಂಗಡಿ ಕಲ್ಕತ್ತೆಯ ರಸಗುಲ್ಲವನ್ನು ಇಲ್ಲಿಗೆ ತಂದದ್ದು 1972ರಲ್ಲಿ. ಆ ರಸಗುಲ್ಲದ ಮೂಲಪುರುಷ ನೊಬಿನ್ ಚಂದ್ರ ದಾಸ್, 1868ರಲ್ಲಿ.

ಹೀಗೆ ಹೇಳುತ್ತ ಹೋದಂತೆ ಒಂದು ವಿಷಯ ಕಣ್ಣಿಗೆ ಕುಕ್ಕಲಿಲ್ಲವೇ? ಮಾದಪ್ಪ, ದಾಸ್, ಠಾಕೂರ್, ಅಯ್ಯಂಗಾರ್. ಎಲ್ಲರೂ ಗಂಡಸರು. ಅವರ ಕೈಗೆ ನಮಸ್ಕಾರ, ನಾನು ಅವರ ಋಣದಲ್ಲಿದ್ದೇನೆ. ಆದರೆ ಸಾವಿರಾರು ವರ್ಷ ಮನೆಮನೆಯಲ್ಲೂ ಹೂರಣ ಅರೆದವರು ಹೆಂಗಸರು, ಅಂಗಡಿಯ ಬೋರ್ಡಿನ ಮೇಲೆ ಹೆಸರು ಗಂಡಸರದು, ಗಲ್ಲಾದ ಮುಂದೆ ಕೂತು ತಿನ್ನುವವರೂ ಗಂಡಸರೇ. ಈ ಲೆಕ್ಕ ನನಗೆ ಒಗ್ಗುವುದಿಲ್ಲ. ಹೆಸರು ಇಟ್ಟುಕೊಳ್ಳಿ, ಕುರ್ಚಿ ಬಿಡಿ.

ಒಂದು ಭಾನುವಾರ ಲಾಲ್‌ಬಾಗಿನ ಬಳಿಯ ಎಂ.ಟಿ.ಆರ್.ಗೆ ಚಂದ್ರಹಾರ ತಿನ್ನಲೆಂದೇ ಹೋದೆ. 1924ರಿಂದ ಇರುವ ಹೋಟೆಲು. ಚಂದ್ರಹಾರವೆಂದರೆ ಮೈದಾದ ಪದರಗಳನ್ನು ಮಡಿಸಿ ಕರಿದು, ಮೇಲೆ ಖೋವಾದ ರಸ ಹೊಯ್ದು ಕೊಡುವ ತಿಂಡಿ. ಒಂದೊಂದು ಪದರ ಮುರಿದಾಗಲೂ ರಸ ಒಳಗೆ ಇಳಿಯುತ್ತದೆ. ಕಟ್ಟಿಸಿಕೊಂಡು ಬರುವ ಪ್ರಶ್ನೆಯೇ ಇಲ್ಲ, ಮನೆ ಸೇರುವಾಗ ಅದು ಪಾಯಸಕ್ಕೆ ಬಿದ್ದ ಪೂರಿಯಾಗಿರುತ್ತದೆ. ಇಷ್ಟು ವರ್ಷ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿ ಅದು ಹೇಗಿರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಯಾರೂ ಕಟ್ಟಿಸಿಕೊಂಡು ಬರಲಾಗದ ತಿಂಡಿ ನಮ್ಮ ಪಾಲಿಗೆ ಇರಲೇ ಇಲ್ಲವಲ್ಲ!

ಮೈಸೂರು ಪಾಕಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈಚೆಗೆ ಎಲ್ಲ ಕಡೆ ಬೆಣ್ಣೆಯಂತೆ ಜಾರುವ ಮೆತ್ತನೆಯದನ್ನೇ ಮಾಡುತ್ತಾರೆ. ತಿನ್ನಲು ಸುಖ, ಆದರೆ ಅದು ತುಪ್ಪದ ಮುದ್ದೆ. ಕಾದ ತುಪ್ಪ ಹೊಯ್ಯುತ್ತ ಕೈಬಿಡದೆ ಕೆದಕಿದಾಗ ಹಿಟ್ಟು ಜೇನುಗೂಡಿನಂತೆ ಉಬ್ಬಬೇಕು. ತಟ್ಟೆಗೆ ಸುರಿದ ಮೇಲೂ ನಡುವಿನ ಬಿಸಿ ಆರದೆ ಅಲ್ಲಿಯೇ ಬೆಂದು, ಅಂಚು ಹಳದಿ ನಡು ಕೆಂಪು ಆಗಬೇಕು. ಕಚ್ಚಿದರೆ ಸಣ್ಣಗೆ ಸದ್ದು ಬರಬೇಕು. ಅಂಥದ್ದು ಸಿಕ್ಕಿದರೆ ನಾನು ಒಂದು ತುಂಡಿಗಾಗಿ ಮೂರು ಬಸ್ಸು ಹತ್ತಬಲ್ಲೆ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಅಂಗಡಿ ಹುಡುಗ ಕೇಳಿದ್ದೂ ಅದನ್ನೇ. ಶುಗರ್?

ಈ ಕಾಯಿಲೆಯನ್ನು ಹಗುರವಾಗಿ ಮಾತಾಡುವವಳು ನಾನಲ್ಲ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನ ಈ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದಿತು. ನಮ್ಮ ಅತ್ತೆಯವರ ಕಾಲಿನ ಬೆರಳು ತೆಗೆದಾಗ ಡ್ರೆಸಿಂಗ್ ಮಾಡಿದವಳು ನಾನೇ. ಆದರೆ ಅತ್ತೆಯವರು ಒಂದು ದಿನವೂ ಸಿಹಿ ಅಂಗಡಿಯಲ್ಲಿ ಕೂತು ತಿಂದವರಲ್ಲ. ಅವರು ತಿಂದದ್ದು ಪಾತ್ರೆಯ ತಳದ ಪಾಯಸ, ಮೊಮ್ಮಕ್ಕಳು ಕಚ್ಚಿ ಬಿಟ್ಟ ಲಾಡು, ಹಬ್ಬ ಕಳೆದು ಮೂರು ದಿನವಾದರೂ ಮುಗಿಯದ ಸಜ್ಜಿಗೆ, ಯಾರೋ ಕೊಟ್ಟ ಡಬ್ಬದ ಕೊನೆಯ ಬರ್ಫಿ. "ದಂಡ ಆಗುತ್ತಲ್ಲ" ಎಂಬ ಒಂದೇ ಕಾರಣಕ್ಕೆ. ಆಸೆಯಿಂದಲ್ಲ, ಹಸಿವಿನಿಂದಲೂ ಅಲ್ಲ. ಮನೆಯ ಉಳಿಕೆಗೆಲ್ಲ ಹೆಂಗಸಿನ ಹೊಟ್ಟೆಯೇ ಕಸದಬುಟ್ಟಿ. ಆ ಸಿಹಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ, ತಿಂದವಳಿಗೂ ನೆನಪಿರುವುದಿಲ್ಲ. ಅವಳು ಬೀದಿಯಲ್ಲಿ ನಿಂತು ಒಂದು ಹನಿ ಕೇಕು ತಿಂದರೆ ಮಾತ್ರ ಊರಿಗೇ ಅವಳ ಆರೋಗ್ಯದ ಚಿಂತೆ.

ಮನೆಯಲ್ಲಿ ಉಳಿದದ್ದನ್ನು ತಿನ್ನುವುದನ್ನು ನಾನು ಬಿಟ್ಟೆ. ಪಾಯಸ ಉಳಿದರೆ ಉಳಿಯಲಿ, ನಾಳೆ ಕಡಿಮೆ ಮಾಡಿದರಾಯಿತು. ಹಸುವಿಗೋ ನಾಯಿಗೋ ಹಾಕಿದರೂ ಪಾಪವಿಲ್ಲ. ಡಾಕ್ಟರ ಹತ್ತಿರ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ತಿಂಗಳಿಗೆ ಎರಡು ಸಲ, ನಾನೇ ಆರಿಸಿದ ಒಂದು ಸಿಹಿ, ನಾನೇ ಆರಿಸಿದ ಜಾಗದಲ್ಲಿ, ಬಿಸಿಯಾಗಿ, ಕೂತು. ಕಾಯಿಲೆ ಇರುವವರು ಅವರ ವೈದ್ಯರ ಮಾತು ಕೇಳಲಿ. ನೆಂಟರ ಮಾತು ಕೇಳಬೇಕಾಗಿಲ್ಲ. ದುಡ್ಡಿನ ವಿಚಾರವೋ? ನಮ್ಮ ಮನೆಯವರು ನಲವತ್ತು ವರ್ಷ ದಿನಕ್ಕೆ ಎರಡು ಹೋಟೆಲ್ ಕಾಫಿ ಕುಡಿದಿದ್ದಾರೆ, ಯಾರೂ ಕೂಡಿಸಿ ನೋಡಿಲ್ಲ.

ಅಮ್ಮನ ವಿಷಯ ಹೇಳಬೇಕು. 2016ರಲ್ಲಿ ಕಣ್ಣಿನ ಪೊರೆ ತೆಗೆಸಲು ಅವಳನ್ನು ಬೆಂಗಳೂರಿಗೆ ಕರೆತಂದಿದ್ದೆ. ಆಗ ಅವಳಿಗೆ ಎಂಬತ್ತೆರಡು. ಕೊನೆಯ ತಪಾಸಣೆ ಮುಗಿಸಿದ ಸಂಜೆ ಆಟೋವನ್ನು ಮನೆಯ ಕಡೆಗೆ ಬಿಡದೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ತಿರುಗಿಸಿದೆ. ಸಜ್ಜನ್ ರಾವ್ ವೃತ್ತದ ಪಕ್ಕದ ಆ ಬೀದಿಯಲ್ಲಿ ಕಣ್ಣೆದುರೇ ಒಬ್ಬಟ್ಟು ತಟ್ಟಿ ಕಾವಲಿಯ ಮೇಲೆ ಬೇಯಿಸಿ ಕೊಡುತ್ತಾರೆ. ಅಮ್ಮ ಕಪ್ಪು ಕನ್ನಡಕದ ಹಿಂದಿನಿಂದ ಆ ಗದ್ದಲವನ್ನೆಲ್ಲ ನೋಡಿ, "ಯಾರಿಗೆ ಕಟ್ಟಿಸ್ಕೊಳ್ಳೋದು?" ಎಂದಳು.

"ಯಾರಿಗೂ ಇಲ್ಲಮ್ಮ. ನೀನು ತಿನ್ನು."

"ಇಲ್ಲೇ? ನಿಂತ್ಕೊಂಡೇ?"

"ಹೂಂ, ಇಲ್ಲೇ."

ಕಾಗದದ ತಟ್ಟೆಯಲ್ಲಿ ಒಬ್ಬಟ್ಟು ಬಂತು, ಮೇಲೆ ತುಪ್ಪ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡ ಅಮ್ಮ ತಟ್ಟನೆ ಕೈ ಹಿಂದಕ್ಕೆ ತೆಗೆದಳು. ಉಫ್ ಉಫ್ ಎಂದು ಊದಿದಳು. ಆಮೇಲೆ ನನ್ನ ಮುಖ ನೋಡಿ, "ಇಷ್ಟು ಬಿಸಿ ಇರುತ್ತೇನೆ ಇದು!" ಎಂದಳು.

ಅರವತ್ತು ವರ್ಷ ಒಬ್ಬಟ್ಟು ಮಾಡಿದ ಕೈ ಅದು. ಸಾವಿರಗಟ್ಟಲೆ ತಟ್ಟಿದೆ. ಬಿಸಿ ಒಬ್ಬಟ್ಟು ಬೆರಳಿಗೆ ಗೊತ್ತಿತ್ತು, ನಾಲಗೆಗೆ ಗೊತ್ತಿರಲಿಲ್ಲ. ನಾನು ಬೇರೆ ಕಡೆ ತಿರುಗಿ ನಿಂತೆ. ಅಮ್ಮ ಅಷ್ಟರಲ್ಲಿ ಚೇತರಿಸಿಕೊಂಡು, "ಕಣಕಕ್ಕೆ ಎಣ್ಣೆ ಸಾಲದು, ಇನ್ನೊಂದು ಗಂಟೆ ನೆನೀಬೇಕಿತ್ತು" ಎಂದು ಕಾವಲಿಯ ಮುಂದಿನವನಿಗೇ ಹೇಳಿ, ಕಾಯಿ ಒಬ್ಬಟ್ಟು ಹೇಗಿರುತ್ತದೋ ನೋಡೋಣ ಎಂದು ಇನ್ನೊಂದನ್ನು ತಾನೇ ಕೇಳಿ ಹಾಕಿಸಿಕೊಂಡಳು. ಎರಡು ವರ್ಷದ ಮೇಲೆ ಅಮ್ಮ ಹೋದಳು. ತಿಥಿಗೆ ಒಬ್ಬಟ್ಟು ಮಾಡಿಸಿದ್ದರು. ಬಡಿಸುವವರು ಮೊದಲು ಗಂಡಸರ ಪಂಕ್ತಿ ಎಂದಾಗ ನಾನು ಎಲೆ ಹಾಕಿಕೊಂಡು ಕೂತುಬಿಟ್ಟೆ. ಅಣ್ಣ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬೇಡವೆಂದಾಗ ಎಷ್ಟು ನಗೆಚಾಟಿಕೆ ಹುಟ್ಟಿದವು ನೆನಪಿದೆಯೇ? ಧರ್ಮಸ್ಥಳಕ್ಕೆ ಹೋದರು, ಮನೆ ಬಿಟ್ಟು ಹೋದರು, ಗಂಡನಿಗೆ ಅನ್ನವಿಲ್ಲ ಎಂದೆಲ್ಲ. ದೇವಸ್ಥಾನಕ್ಕೆ ಹೋದರೆ ಹೇಗೋ ಸಹಿಸಿಕೊಂಡರು. ತಿಪಟೂರಿನಿಂದ, ತುಮಕೂರಿನಿಂದ, ಮಂಡ್ಯದಿಂದ ಬೆಳಗ್ಗೆ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಒಂದು ಒಳ್ಳೆಯ ಸಿಹಿ ತಿಂದು ಸಂಜೆ ಊರು ಸೇರಿದವಳನ್ನು ಏನೆನ್ನುತ್ತಾರೋ ನೋಡಬೇಕು. ಬೆಂಗಳೂರಿಗೇ ಬರಬೇಕೆಂದೂ ಇಲ್ಲ. ನಿಮ್ಮ ಊರಿನ ಬಸ್ ಸ್ಟ್ಯಾಂಡಿನ ಪಕ್ಕ ಜಿಲೇಬಿ ಬಿಡುವ ಅಂಗಡಿ ಇದ್ದೇ ಇರುತ್ತದೆ. ಬಾಣಲೆ ಬಿಸಿಯಿರುವ ಹೊತ್ತು ನೋಡಿಕೊಂಡು ಹೋಗಿ. ಮೊದಲ ಸಲ ಎಲ್ಲರೂ ತಿರುಗಿ ನೋಡುತ್ತಾರೆ, ನೋಡಲಿ.

ಈಗ ನಾವು ಮೂವರು ಗೆಳತಿಯರು ಸೇರಿ ಹೋಗುತ್ತೇವೆ. ಒಬ್ಬಳು ನಿವೃತ್ತ ಟೀಚರು, ಇನ್ನೊಬ್ಬಳು ನನ್ನ ಜೊತೆ ಗುಮಾಸ್ತೆಯಾಗಿದ್ದವಳು. ಮೊನ್ನೆ ಮೆಟ್ರೋದಲ್ಲಿ ಎಂ.ಜಿ. ರಸ್ತೆಗೆ ಹೋಗಿ ರಸಗುಲ್ಲ ತಿಂದು ಬಂದೆವು. ಟೀಚರು ರಸಗುಲ್ಲ ಹಿಂಡಿ ತಿನ್ನುವುದೋ ರಸ ಸಮೇತ ತಿನ್ನುವುದೋ ಎಂದು ಅರ್ಧ ಗಂಟೆ ವಾದಿಸಿದಳು. ಮನೆಗೆ ಬಂದಾಗ ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ ನನ್ನ ಬರಿಗೈ ನೋಡಿದರು.

"ನಂಗೇನೂ ತರ್ಲಿಲ್ವಾ?"

"ಇಲ್ಲ. ದಾರೀಲಿ ರಸ ಚೆಲ್ಲುತ್ತೆ. ಮುಂದಿನ ಶನಿವಾರ ಮಲ್ಲೇಶ್ವರಕ್ಕೆ ಹೋಗ್ತಿದ್ದೀವಿ, ಬೇಕಾದ್ರೆ ನೀವೂ ಬನ್ನಿ. ಸ್ಪೂನ್ ಮಾತ್ರ ಬೇರೆ ಬೇರೆ."

ಅವರು ಸ್ವಲ್ಪ ಹೊತ್ತು ಯೋಚಿಸಿ, "ಎಷ್ಟು ಗಂಟೆಗೆ?" ಎಂದರು.